ಮುದ್ದೆ ತಿರುವಿದ ರೋಬೋಟು

೨೦೦೬ನೇ ಇಸವಿಯಲ್ಲಿ ನಾನು ಹಾಸನದ ಒಂದು ಚಿಕ್ಕ ಅನಿಮೇಶನ್ ಸ್ಟುಡಿಯೋದಲ್ಲಿ ಅಡುಗೆಯವಳಾಗಿದ್ದೆ. ಊರು ದುದ್ದದ ಪಕ್ಕ, ಓದು ಮೂರನೇ ಕ್ಲಾಸು. ಅಲ್ಲಿ ಕಂಪ್ಯೂಟರಿನೊಳಗೆ ಗೊಂಬೆ ಮಾಡಿ ಕುಣಿಸುತ್ತಿದ್ದರು. ಗೊಂಬೆಯ ರೂಪ ಬರೆದ ಮೇಲೆ ಒಳಗೆ ಕಾಣದ ಮೂಳೆ, ಕೀಲು ಕೂರಿಸಿ, ಯಾವುದನ್ನು ಎಳೆದರೆ ಯಾವ ಅಂಗ ಬಗ್ಗಬೇಕೆಂದು ಕಟ್ಟುತ್ತಾರೆ. ಅದೇ ರಿಗ್ಗಿಂಗ್.

ಆ ಕೆಲಸ ಹೊಳೆನರಸೀಪುರದ ಸುಧಾಳದು. ಪುರೋಹಿತರ ಮನೆಯ ಹುಡುಗಿ, ಸೇರಿ ಮೂರು ತಿಂಗಳಾಗುತ್ತಿತ್ತು. ಮಕ್ಕಳಿಗೆ ತೋರಿಸುವ ಚಿತ್ರವೊಂದಕ್ಕೆ ಮುದ್ದೆ ಮಾಡುವ ರೋಬೋಟು ಬೇಕಾಗಿತ್ತು. ಚಿತ್ರ ಮಾಡಿಸುವವರು ಶುಕ್ರವಾರ ನೋಡಿ ಒಪ್ಪಿದರೆ ಅವಳ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮಾಲೀಕರು ನನ್ನೆದುರಿಗೇ ಹಾಗೆಂದಿದ್ದರು.

ಸೋಮವಾರ ಕಾಫಿ ಕೊಡಲು ಹೋದಾಗ ಅದನ್ನು ನೋಡಿದೆ. ಡಬ್ಬದಂಥ ಮೈ, ಕೆಳಗೆ ಮೂರು ಚಕ್ರ. ಕೋಲು ಹಿಡಿದು ಮಣಿಕಟ್ಟು ಮಾತ್ರ ತಿರುಗಿಸುತ್ತಿತ್ತು. ನಗು ಬಂತು. ನನಗೇಕೆ ಎಂದು ಲೋಟ ಇಟ್ಟು ಬಂದೆ.

ಬುಧವಾರ ಅವಳು ಊಟಕ್ಕೆ ಬರಲಿಲ್ಲ. ಕರೆಯಲು ಹೋದರೆ ಕಣ್ಣೊರೆಸಿಕೊಂಡಳು. "ಕೀಲೆಲ್ಲ ಸರಿಯಾಗಿದೆ ಅಜ್ಜಿ. ಆದ್ರೂ ಸುಳ್ಳು ಅನ್ಸತ್ತೆ. ಯಾಕೆ ಅಂತ ಗೊತ್ತಾಗ್ತಿಲ್ಲ."

"ಸುಳ್ಳಲ್ದೆ ಇನ್ನೇನವ್ವ? ಪಾಯ್ಸ ಕಲುಸ್ತಾ ಕುಂತದೆ ನಿನ್ ರೋಬೋಟು. ಮುದ್ದೆ ತಿರುವೋದ್ನ ಯಾವತ್ತಾರ ನೋಡಿದ್ದೀಯಾ?"

"ನಮ್ಮನೇಲಿ ಮಾಡಲ್ಲ ಅಜ್ಜಿ. ಅಮ್ಮ ಪಾಯಸ ಮಾಡೋದನ್ನೇ ನೋಡ್ಕೊಂಡು ಮಾಡಿದೆ."

"ಅಂಗಾರೆ ಬಾ ಅಡುಗೆ ಮನೇಗೆ."

ಬೆಂದ ಹಿಟ್ಟಿನ ಪಾತ್ರೆಯನ್ನು ನೆಲಕ್ಕಿಳಿಸಿ ಕೋಲನ್ನು ಅವಳ ಕೈಗೇ ಕೊಟ್ಟೆ. ತಿರುವಿದಳು. ಕೋಲಿನ ಜೊತೆ ಪಾತ್ರೆಯೂ ಸುತ್ತಿತು.

"ಕವೆಗೋಲು ಮ್ಯಾಲೆ ಕಾಲು ಮಡಗವ್ವ! ಕಾಲು ಊರ್ದೆ ರಟ್ಟೇಗೆ ಸಕ್ತಿ ಎಲ್ಲಿಂದ ಬತ್ತದೆ?"

ಪಾತ್ರೆಯ ಕಂಠಕ್ಕೆ ಕವಲೊಡೆದ ಕೋಲು ಕೊಟ್ಟು, ಅದನ್ನು ಪಾದದಲ್ಲಿ ಒತ್ತಿ ಹಿಡಿದು, ಸೊಂಟದಿಂದ ಬಗ್ಗಿ ನಾನು ತಿರುವಿ ತೋರಿಸಿದೆ. ಅವಳು ಕ್ಯಾಮೆರಾ ತಂದು ನನ್ನ ಮುಖ ಬಿಟ್ಟು ಕಾಲು, ಸೊಂಟ, ಭುಜವನ್ನೇ ಹಿಡಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಚಕ್ರ ಕೀಳಬೇಕು," ಎಂದಳು.

ಮಾಲೀಕರು ರೇಗಿದರು. "ಎರಡೇ ದಿನ ಇರೋದು! ಅಡುಗೆಯವ್ರ ಮಾತು ಕೇಳಿ ರಿಗ್ ಬಿಚ್ತೀಯಾ?"

"ಬಿಚ್ತೀನಿ ಸರ್," ಎಂದಳು. ಹೇಳುತ್ತಲೇ ಮೊದಲ ಚಕ್ರ ಅಳಿಸಿದಳು. ಆ ಹುಡುಗಿ ನನಗೆ ಹಿಡಿಸಿದ್ದು ಆಗಲೇ.

ಸೊಂಟಕ್ಕೆ ಒಂದು ಕೀಲು ಬಂತು, ಚಕ್ರ ಹೋಗಿ ಎರಡು ಕಾಲು ಬಂದವು. ಮೈ ಎತ್ತ ವಾಲಿದರೂ ಊರಿದ ಪಾದ ಅಲುಗದೆ ಮಂಡಿ ತಾನಾಗಿ ಮಡಚಿಕೊಳ್ಳಬೇಕು; ಹಾಗೆ ಕಟ್ಟುವುದಕ್ಕೆ ಐಕೆ ಎನ್ನುತ್ತಾರಂತೆ. ಅದಕ್ಕೇ ಗುರುವಾರ ಇಡೀ ಹಿಡಿಯಿತು. ಪಕ್ಕದಲ್ಲಿ ಕೂತು "ಇನ್ನೂ ಬಗ್ಸು", "ಸಾಕು ಬುಡು" ಎನ್ನುವುದೇ ನನ್ನ ಪಾಲಿನ ಕೆಲಸ. ಅವತ್ತು ಎಲ್ಲರಿಗೂ ಬರೀ ಚಿತ್ರಾನ್ನ.

ಶುಕ್ರವಾರ ಬಂದವರಲ್ಲಿ ಚನ್ನರಾಯಪಟ್ಟಣದ ಹೆಂಗಸೊಬ್ಬರಿದ್ದರು. ರೋಬೋಟು ಕವೆಗೋಲು ತುಳಿದು ಕೋಲಿನ ಮೇಲೆ ಭಾರ ಬಿಟ್ಟಿತು. ಎಲ್ಲರೂ ಪರದೆ ನೋಡುತ್ತಿದ್ದರು. ನಾನು ಆ ಹೆಂಗಸಿನ ಕಾಲು ನೋಡಿದೆ. ಮೇಜಿನ ಕೆಳಗೆ ಅವರ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

ಸುಧಾಳ ಕೆಲಸ ಉಳಿಯಿತು. ಸೋಮವಾರವೇ ನಾನು ಬಾಯಿ ಬಿಟ್ಟಿದ್ದರೆ ಅವಳು ಎರಡು ದಿನ ಒದ್ದಾಡುವುದೂ ತಪ್ಪುತ್ತಿತ್ತು. ಓದಿದವರ ಕೆಲಸ, ನನಗೇನು ಗೊತ್ತು ಎಂದುಕೊಂಡಿದ್ದು ವಿನಯವಲ್ಲ, ಸೋಮಾರಿತನ. ಅಲ್ಲಿಂದಾಚೆ ತಪ್ಪು ಕಂಡ ಕಡೆ ಹೇಳಿಯೇ ಕಾಫಿ ಲೋಟ ಇಡುತ್ತಿದ್ದೆ.