ಬೂದಿಯ ಲಗಾಮು

ಮಂಡಿನೋವು ಮುಚ್ಚಿಡುವುದರಲ್ಲಿ ಲಾಯದ ಮಾಮನನ್ನು ಮೀರಿಸುವವರಿರಲಿಲ್ಲ. ಮೆಟ್ಟಿಲು ಕಂಡರೆ ಸಾಕು, "ನೀವು ನಡೀರಿ, ಒಂದು ಸಿಗರೇಟು ಸೇದಿ ಬರ್ತೀನಿ" ಅನ್ನುವನು. ಅವನು ಸಿಗರೇಟು ಬಿಟ್ಟು ಯಾವ ಕಾಲವಾಗಿತ್ತೋ! ಹೆಂಡತಿಯೊಬ್ಬಳು ಮಾತ್ರ ಬಲೆಗೆ ಬೀಳಲಿಲ್ಲ.

"ಊರಿಗೆಲ್ಲ ಟೋಪಿ ಹಾಕಿ, ನನಗೆ ಬೇಡ. ಆ ಕಾಲು ಇಟ್ಕೊಂಡು ಪರದೇಶಕ್ಕೆ ಯಾಕೆ ಹೋಗ್ತೀರಿ?"

"ಮೆಲ್ಲಗೆ ಮಾತಾಡೇ! ಲಾಯದವರಿಗೆ ಗೊತ್ತಾದ್ರೆ ನಾಳೆಯಿಂದ ಮನೇಲೇ ಕೂರಿಸ್ತಾರೆ."

ಹೋಗದೆ ಇರುವುದಾದರೂ ಹೇಗೆ? ಬೂದು ಬಣ್ಣದ ಹೆಣ್ಣು ಕುದುರೆ ಬೂದಿಯನ್ನು ಮರಿಯಾಗಿದ್ದಾಗಿನಿಂದ ಮೈ ಉಜ್ಜಿ ಬೆಳೆಸಿದವನು ಅವನು. ಈಗ ಇಡೀ ಖಂಡದ ದೇಶಗಳು ಸೇರುವ ಕ್ರೀಡಾಕೂಟಕ್ಕೆ ಅವನ ದೇಶದ ಸವಾರಿ ತಂಡ ಮೊದಲ ಬಾರಿಗೆ ಹೊರಟಿತ್ತು. ಸ್ಪರ್ಧೆಯ ದಿನ ಬೆನ್ನೇರಿ ಕೂರುವವರು ಬೇರೆ ಬಿಡಿ. ಆದರೆ ಹಿಂದಿನ ದಿನ ಒಂದು ತಪಾಸಣೆಯಿರುತ್ತದೆ. ತೀರ್ಪುಗಾರರ ಮುಂದೆ, ಗಟ್ಟಿ ನೆಲದ ಮೇಲೆ, ಲಗಾಮು ಹಿಡಿದು ಪಕ್ಕದಲ್ಲಿ ತಾನೂ ಓಡುತ್ತ ಕುದುರೆಯನ್ನು ಓಡಿಸಿ ತೋರಿಸಬೇಕು. ಕುಂಟಿದ ಕುದುರೆಗೆ ಅಲ್ಲೇ ಮಂಗಳ ಹಾಡುತ್ತಾರೆ. ಆ ಓಟ ಮಾಮನದು. ಅಷ್ಟು ದೇಶಗಳವರ ಎದುರು ಬೂದಿಯ ಜೊತೆ ಒಂದು ಸಲ ಓಡಿಬಿಡಬೇಕು ಎಂಬ ಆಸೆ ಅವನನ್ನು ನಿದ್ದೆ ಮಾಡಲೂ ಬಿಟ್ಟಿರಲಿಲ್ಲ.

ನಾಲ್ಕು ಕುದುರೆಗಳಲ್ಲಿ ಒಂದು ಪ್ರಯಾಣದಲ್ಲೇ ಹೊಟ್ಟೆನೋವು ಹಿಡಿದು ಮಲಗಿತು. ಮೂರಕ್ಕಿಂತ ಕಡಿಮೆಯಾದರೆ ತಂಡವೇ ಇಲ್ಲ, ಗಂಟುಮೂಟೆ ಕಟ್ಟುವುದೇ. ತಪಾಸಣೆಯಲ್ಲಿ ಎರಡು ಪಾಸಾದವು. ಬೂದಿಯ ಸರದಿ ಬಂತು.

ಮಾಮ ಹಲ್ಲು ಕಚ್ಚಿ ಓಡಿದ. ಹೋಗುವಾಗ ಸರಿಯಿತ್ತು. ತಿರುಗಿ ಬರುವಾಗ ಮಂಡಿಯೊಳಗೆ ಚಳಕ್ ಎಂದಿತು. ಅಲ್ಲಿಂದಾಚೆ ಬೂದಿಯ ತಲೆ ಹೆಜ್ಜೆ ಹೆಜ್ಜೆಗೂ ಕೆಳಗೆ ತೂಗತೊಡಗಿತು. ಕಾಲು ನೋಯುವ ಕುದುರೆ ಹಾಗೆಯೇ ತಲೆ ತೂಗುವುದು. ತೀರ್ಪುಗಾರರ ಕಣ್ಣೆಲ್ಲ ಕುದುರೆಯ ಮೇಲೆ. ಪಕ್ಕದ ಮನುಷ್ಯನ ಕಾಲನ್ನು ಯಾರು ನೋಡುತ್ತಾರೆ? ಒಬ್ಬಾಕೆ ಕೈಯೆತ್ತಿ, ಬೇಲಿ ಹಾಕಿದ ಮೂಲೆಯ ಕಡೆ ತೋರಿಸಿದಳು. ಅಲ್ಲಿ ಕಾಯಬೇಕು; ಉಳಿದ ಕುದುರೆಗಳೆಲ್ಲ ಮುಗಿದ ಮೇಲೆ ಇನ್ನೊಂದೇ ಒಂದು ಅವಕಾಶ.

ಬೂದಿಯ ಸವಾರಿ ಮಾಡುವ ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕೋಚ್ ಹಾರಿಬಿದ್ದದ್ದು ಲಾಳ ಹೊಡೆಯುವವನ ಮೇಲೆ.

"ಮೊಳೆ ಒಳಗೆ ಚುಚ್ಚಿದೀಯ! ಇನ್ನೇನು?"

"ಇಲ್ಲ ಸಾರ್, ದೇವರಾಣೆಗೂ ಇಲ್ಲ."

"ಆಣೆ ಆಮೇಲೆ ಇಡು. ಮೊದಲು ಲಾಳ ಕಿತ್ತು ನೋಡು."

ಲಾಳ ಕಿತ್ತರೆ ಕಥೆ ಮುಗಿಯಿತು. ಮತ್ತೆ ಹೊಡೆದು ಓಡಿಸುವಷ್ಟು ಹೊತ್ತೆಲ್ಲಿದೆ? ಮಾಮ ಬಗ್ಗಿ ನಾಲ್ಕೂ ಕಾಲು ಸವರಿದ. ಊತವಿಲ್ಲ, ಬಿಸಿಯಿಲ್ಲ. ಬಗ್ಗಿದವನು ಏಳಲಾಗದೆ ಬೂದಿಯ ಕುತ್ತಿಗೆ ಹಿಡಿದುಕೊಂಡ. ಅದರ ತಲೆ ಕೆಳಗೆ ಬಂತು. ಅಯ್ಯೋ, ಓಡುವಾಗ ಆದದ್ದೂ ಇದೇ ಅಲ್ಲವೇ! ತಾನು ಕುಸಿದಾಗಲೆಲ್ಲ ಕೈ ಲಗಾಮನ್ನು ಕೆಳಗೆಳೆದಿತ್ತು.

ಹೇಳಿದರೆ ಕೆಲಸ ಹೋಯಿತು. ಈ ವಯಸ್ಸಿನಲ್ಲಿ ಕುಂಟನಿಗೆ ಯಾವ ಲಾಯ ಬಾಗಿಲು ತೆರೆಯುತ್ತದೆ? ಹೇಳದಿದ್ದರೂ ಆಗುತ್ತಿತ್ತು; ತಪ್ಪು ಹೊರಲು ಇನ್ನೊಬ್ಬ ಸಿದ್ಧನಾಗಿ ನಿಂತಿದ್ದ. ಆ ಪಾಪದವನು ಇಕ್ಕಳ ಕೈಗೆತ್ತಿಕೊಂಡು ಕಣ್ಣೊರೆಸಿಕೊಳ್ಳುವುದನ್ನು ಮಾಮ ನೋಡಿದ. ನೋಡಬಾರದಿತ್ತು.

"ಬಿಡಯ್ಯಾ ಇಕ್ಕಳ" ಎಂದ. "ಕುಂಟಿದ್ದು ಕುದುರೆಯಲ್ಲ ಸಾರ್, ನಾನು. ನನ್ನ ಕೈಯೇ ಅದರ ತಲೆ ಎಳೆದದ್ದು."

ಕೋಚ್ ಬೈದ ನೋಡಿ! ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ, ದೇಶದ ಮಾನ ಅಂದ್ರೆ ಆಟಾನಾ ನಿನಗೆ, ಊರಿಗೆ ಹೋದ್ಮೇಲೆ ಲಾಯದ ಕಡೆ ತಲೆ ಹಾಕ್ಬೇಡ. ಮಾಮ ಲಗಾಮನ್ನು ಹುಡುಗಿಯ ಕೈಗಿಟ್ಟ.

"ಸಡಿಲ ಹಿಡಿ ಪುಟ್ಟಿ. ಅದರ ಮುಖ ನೋಡ್ಬೇಡ, ಮುಂದೆ ನೋಡ್ಕೊಂಡು ಓಡು."

"ನೀವು ಕಂಡ್ರೆ ಬೂದಿ ನಿಮ್ಮ ಕಡೆನೇ ತಿರುಗ್ತಾಳೆ ಮಾಮ."

ಅದೂ ನಿಜ. ಅವನು ಗೋಡೆಯ ಹಿಂದೆ ಹೋಗಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತ. ಇಲ್ಲಿಯವರೆಗೆ ಬಂದು ನೋಡುವ ಭಾಗ್ಯವೂ ಇಲ್ಲವಾಯಿತಲ್ಲ ಎಂದುಕೊಂಡ.

ಸದ್ದು ಶುರುವಾಯಿತು. ಟಕ್, ಟಕ್, ಟಕ್, ಟಕ್. ಒಂದೇ ಸಮ. ತಿರುವಿನಲ್ಲಿ ಗೊರಸು ನಿಧಾನವಾಯಿತು, ಮತ್ತೆ ಹಿಡಿಯಿತು. ಎಷ್ಟು ಹಗುರವಾಗಿ ಓಡುತ್ತಿತ್ತು! ಅವನ ಜೊತೆ ಅದು ಹೀಗೆ ಓಡಿ ಎಷ್ಟು ಕಾಲವಾಗಿತ್ತೋ. ಒಂದೇ ಒಂದು ಹೆಜ್ಜೆ ತಪ್ಪಲಿ, ನಾನಿಲ್ಲದೆ ಆಗದು ಅಂತ ಗೊತ್ತಾಗಲಿ ಎಂದು ಮನಸ್ಸು ಬಯಸಿತು. ಬಯಸಿದ್ದಕ್ಕೆ ಅವನಿಗೇ ನಾಚಿಕೆಯಾಗಿ ಕೈಯಿಂದ ಬಾಯಿ ಮುಚ್ಚಿಕೊಂಡ. ಹೆಜ್ಜೆ ತಪ್ಪಲಿಲ್ಲ.

ಧ್ವನಿವರ್ಧಕದಲ್ಲಿ ದೇಶದ ಹೆಸರು ಕೂಗಿದರು, ಚಪ್ಪಾಳೆ ಬಿತ್ತು. ಹುಡುಗಿ ಗೋಡೆ ಸುತ್ತಿ ಓಡಿ ಬಂದಳು.

"ಪಾಸು ಮಾಮ! ಎಷ್ಟು ಚೆನ್ನಾಗಿ ಓಡಿದ್ಳು ಗೊತ್ತಾ?"

"ಕೇಳಿಸ್ತು ಕಣೇ, ಎಲ್ಲಾ ಕೇಳಿಸ್ತು" ಎಂದ ಮಾಮ. ಏಳಲು ನೋಡಿದ, ಆಗಲಿಲ್ಲ. ಆಚೀಚೆ ಜನ ನೋಡುತ್ತಿದ್ದರು. "ಸ್ವಲ್ಪ ಕೈ ಕೊಡು ಪುಟ್ಟಿ" ಎಂದ.