ಹನ್ನೆರಡನೇ ಹೆಸರು ಮತ್ತು ಫುಟ್‌ಬಾಲ್ ಡ್ರಾಫ್ಟು

ಕಳೆದ ಶನಿವಾರ, ಬೆಳಿಗ್ಗೆ ಆರು ನಲವತ್ತು. ಸ್ಥಳ: ಸಾಂಟಾ ಕ್ಲಾರಾದ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ಅಳಿಯ ಗಿರೀಶ, ಮೊಮ್ಮಗಳು ಸುಮೇಧಾ. ಗೈರುಹಾಜರು: ಮಗಳು. (ಆಸ್ಪತ್ರೆ ಡ್ಯೂಟಿ. ಮೊದಲೇ ತಿಳಿಸಿದ್ದಳು, ಮಾಫಿ.)

ಮೂವತ್ತೆರಡು ವರ್ಷ ಹುಬ್ಬಳ್ಳಿಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ಹಾಜರಿ ತೆಗೆದುಕೊಳ್ಳದೆ ನನಗೆ ಕಾಫಿಯೂ ಇಳಿಯುವುದಿಲ್ಲ. ನಿಮಗೆ ಗೊತ್ತೇ ಇದೆ.

ಇಲ್ಲಿಯ ಕನ್ನಡ ಮನೆಗಳ ಹೆಣ್ಣುಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಖೋ ಖೋ ಕಲಿಸುತ್ತೇನೆ. ಇದು ಮೂರನೇ ವರ್ಷ. ಟೂರ್ನಮೆಂಟಿನ ಪಟ್ಟಿಯನ್ನು ಅಂದು ಸಂಜೆ ಐದರೊಳಗೆ ಕಳಿಸಬೇಕಿತ್ತು. ಹನ್ನೆರಡು ಹೆಸರು. ಮೊದಲ ಒಂಬತ್ತು ಆಡುವವರು, ಕೊನೆಯ ಮೂರು ರಿಸರ್ವ್.

ಪಟ್ಟಿ ಹಿಂದಿನ ದಿನವೇ ಸಿದ್ಧ. ಒಂಬತ್ತನೇ ಹೆಸರು ಸುಮೇಧಾ. ಹನ್ನೆರಡನೇ ಹೆಸರು ಪಕ್ಕದ ಕೌಂಟಿಯ ಸ್ಯಾನ್ ರಮೋನ್ ಊರಿನ ನಿಧಿ.

ನಿಧಿ ಹಿಂದಿನ ಎರಡು ವರ್ಷವೂ ಹನ್ನೆರಡನೆಯವಳೇ. ಕಾರಣ? ತಡ. ಬೆಳಿಗ್ಗೆ ಎಂಟಕ್ಕೆ ಇಲ್ಲಿ ಸಾಂಟಾ ಕ್ಲಾರಾದಲ್ಲಿ ಅಭ್ಯಾಸ ಅಂದರೆ ಎಂಟೂ ಹದಿನೈದಕ್ಕೆ ಬರುತ್ತಾಳೆ, ಬಿಚ್ಚಿದ ಶೂ ಲೇಸಿನೊಂದಿಗೆ. ಗುರುವಾರ ಅಭ್ಯಾಸ ಮುಗಿದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ಟೀಚರ್, ಮುಂದಿನ ವರ್ಷ ನಂಗೆ ಏಯ್ಟೀನ್ ಆಗತ್ತೆ. ಆಡೋಕೆ ಬಿಡಲ್ಲ. ಒಂದೇ ಒಂದು ಮ್ಯಾಚು ಸ್ಟಾರ್ಟಿಂದ ಆಡ್ಬೇಕು ಅಂತ ಆಸೆ."

"ಮೊದಲ ಟೈಮಿಗೆ ಬರೂದು ಕಲಿ" ಎಂದೆ. ಅವಳು ತಲೆ ತಗ್ಗಿಸಿ ಹೋದಳು. ನನಗೆ ಏನೂ ಅನ್ನಿಸಲಿಲ್ಲ. ಶಿಸ್ತು ಶಿಸ್ತೇ ಅಲ್ಲವೇ?

ಶನಿವಾರಕ್ಕೆ ಬರೋಣ. ಮೇಜಿನ ಮೇಲೆ ಸುಮೇಧಾಳ ಲ್ಯಾಪ್‌ಟಾಪು, ಅದರಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಏನಿದು ಅಂದೆ.

"ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟು. ಫುಟ್‌ಬಾಲ್ ಟೀಮುಗಳಲ್ಲಿ ಯಾರು ಚೆನ್ನಾಗಿ ಡ್ರಾಫ್ಟ್ ಮಾಡ್ತಾರೆ ಅಂತ."

ಫುಟ್‌ಬಾಲು ಅಂದರೆ ಅಮೆರಿಕದ್ದು, ಕೈಯಲ್ಲಿ ಹಿಡಿದು ಓಡುವುದು. (ಹೆಸರಿನ ಬಗ್ಗೆ ನಾನು ಜಗಳ ಬಿಟ್ಟಿದ್ದೇನೆ.) ಡ್ರಾಫ್ಟು ಅಂದರೆ ವರ್ಷಕ್ಕೊಮ್ಮೆ ನಡೆಯುವ ಆಯ್ಕೆ. ಕಾಲೇಜು ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ! ಇದನ್ನು ಕೇಳಿಯೇ ನನಗೆ ಬೆರಗು. ನಮ್ಮಲ್ಲಿ ಸೋತವರಿಗೆ ಮೊದಲು ಸಿಗುವುದು ಬೈಗುಳ.

"ಆರಿಸೋ ಮುಂಚೆ ಎಲ್ಲಾ ಅಳೀತಾರೆ ಅತ್ತೆ" ಅಂದ ಗಿರೀಶ. "ಓಟ, ಜಿಗಿತ, ಕೊನೆಗೆ ಅಂಗೈ ಎಷ್ಟಗಲ ಅನ್ನೋದನ್ನೂ. ಆದ್ರೂ ನಮ್ಮ ಟೀಮಿನವರು ಪ್ರತಿ ವರ್ಷ ತಪ್ಪು ಹುಡುಗನ್ನೇ ತಗೊಳ್ತಾರೆ."

"ಅಪ್ಪ ಪ್ರತಿ ವರ್ಷ ಟೀವಿಗೆ ಬೈತಾರೆ" ಅಂದಳು ಸುಮೇಧಾ.

ಅಂಗೈ! ನಾನು ಹುಡುಗಿಯರ ಉಗುರು ನೋಡಿದ್ದೇನೆ, ಅಂಗೈ ಅಳೆದವಳಲ್ಲ.

ಸರಿ, ಆಯ್ಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಅಳೆಯುವುದು ಹೇಗೆ? ಸುಮೇಧಾ ಬಿಡಿಸಿ ಹೇಳಿದಳು. ಮೊದಲ ಸರದಿಯಲ್ಲಿ ಆರಿಸಿದವನು ಚೆನ್ನಾಗಿ ಆಡಿದರೆ ಅದರಲ್ಲಿ ದೊಡ್ಡಸ್ತಿಕೆ ಇಲ್ಲ, ಆಡಲೇಬೇಕು. ನೂರನೇ ಸರದಿಯವನಿಂದ ಅಷ್ಟು ನಿರೀಕ್ಷೆ ಇಲ್ಲ. ಹಳೆಯ ವರ್ಷಗಳ ಲೆಕ್ಕ ತೆಗೆದು ಯಾವ ಸರದಿಗೆ ಸಾಮಾನ್ಯವಾಗಿ ಎಷ್ಟು ಆಟ ಸಿಗುತ್ತದೆ ಅಂತ ಒಂದು ಗೆರೆ ಎಳೆಯಬೇಕು. ನೀನು ಆರಿಸಿದವನು ಗೆರೆಯ ಮೇಲಿದ್ದಾನೋ, ಕೆಳಗಿದ್ದಾನೋ? ಅಷ್ಟೇ.

ಎಷ್ಟು ಸರಳ, ಎಷ್ಟು ನಿರ್ದಯ!

"ಹಂಗಾದ್ರ ಯಾರು ಶ್ಯಾಣ್ಯಾರು?" ಅಂದೆ.

"ನೋಬಡಿ, ಅಜ್ಜಿ. ಈ ವರ್ಷ ಗೆರೆ ಮೇಲೆ ಇದ್ದವ್ರು ನೆಕ್ಸ್ಟ್ ಇಯರ್ ಕೆಳಗೆ. ಯಾವಾಗ್ಲೂ ಮೇಲೇ ಇರೋ ಟೀಮು ನಂಗೆ ಒಂದೂ ಸಿಗಲಿಲ್ಲ."

ನಾನು ಕಾಫಿ ಕೆಳಗಿಟ್ಟೆ. ಅಷ್ಟು ಜನ ತಜ್ಞರು, ಅಷ್ಟು ಟೇಪು, ಅಷ್ಟು ಸ್ಟಾಪ್‌ವಾಚು. ಆದರೂ ಯಾರಿಗೂ 'ಕಣ್ಣು' ಇಲ್ಲ! ಅದಕ್ಕಿಂತ ದೊಡ್ಡ ಬೆರಗು ಬೇರೆ: ಯಾರು ಯಾರನ್ನು ಆರಿಸಿದರು, ಯಾರನ್ನು ಬಿಟ್ಟರು, ಬಿಟ್ಟವನು ಆಮೇಲೆ ಏನಾದ, ಎಲ್ಲವೂ ಬಯಲಲ್ಲಿದೆ. ಹದಿನೇಳರ ಹುಡುಗಿ ಊಟದ ಮೇಜಿನ ಮೇಲೆ ಕೂತು ದೊಡ್ಡ ದೊಡ್ಡವರ ತಪ್ಪನ್ನು ಅಳೆಯಬಹುದು.

ಆಗ ಸುಮೇಧಾ ಇನ್ನೊಂದು ಪುಟ ತೆರೆದಳು. "ಅಜ್ಜಿ, ನಿಂದೂ ಮಾಡಿದೀನಿ. ಕೋಪ ಮಾಡ್ಕೋಬೇಡ, ಪ್ಲೀಸ್."

ನನ್ನ ನೋಟ್‌ಬುಕ್ಕುಗಳು! ಖೋ ಖೋದಲ್ಲಿ ಅಟ್ಟಿಸಿಕೊಂಡವಳು ಔಟಾಗದೆ ಎಷ್ಟು ಹೊತ್ತು ಓಡಿದಳು ಅಂತ ಪ್ರತಿ ಮ್ಯಾಚಿನಲ್ಲೂ ಸ್ಟಾಪ್‌ವಾಚ್ ಹಿಡಿದು ಬರೆಯುತ್ತೇನೆ. ಹಾಜರಿಯನ್ನೂ ನಿಮಿಷದ ಲೆಕ್ಕದಲ್ಲಿ ಬರೆಯುತ್ತೇನೆ. ಬರೆದು, ಗೆರೆ ಹೊಡೆದು, ಸಹಿ ಮಾಡಿ ಮುಚ್ಚಿಡುತ್ತೇನೆ. ತೆರೆದು ಓದಿದ್ದೇನೆಯೇ? ಇಲ್ಲ. ಶಿಸ್ತಿನವರ ರೋಗ ಇದು. ಬರೆದಿಟ್ಟರೆ ಕೆಲಸ ಮುಗಿಯಿತು.

ಒಂದರಿಂದ ಹನ್ನೆರಡರವರೆಗೆ ನನ್ನ ಪಟ್ಟಿಯ ಕ್ರಮ, ಎದುರಿಗೆ ಅವರು ಓಡಿದ ಹೊತ್ತು. ಗೆರೆ ಇಳಿಯುತ್ತಾ ಹೋಗಬೇಕಿತ್ತು. ಹಲಗೆಯ ಹಾಗೆ ಮಟ್ಟಸವಾಗಿತ್ತು! ಮೊದಲನೆಯವಳೂ ಎಂಟನೆಯವಳೂ ಒಂದೇ. ಚೀಟಿ ಎತ್ತಿದ್ದರೂ ಹೀಗೇ ಬರುತ್ತಿತ್ತು.

"ಹಂಗಾದ್ರ ನಾನು ಏನು ನೋಡಿ ಆರಿಸೇನಿ?"

ಸುಮೇಧಾ ತಡವರಿಸಿದಳು. "ಟೈಮಿಗೆ ಬಂದವ್ರನ್ನ. ಟೈಮಿಗೆ ಬಂದವ್ರೆಲ್ಲಾ ಸಾಂಟಾ ಕ್ಲಾರಾದವ್ರು, ಅಜ್ಜಿ. ಸ್ಯಾನ್ ರಮೋನ್‌ನವ್ರು ಯಾವಾಗ್ಲೂ ಕೊನೇಲಿ."

"ಬೆಳಿಗ್ಗೆ ಏಳೂವರೆಗೆ ಸ್ಯಾನ್ ರಮೋನ್‌ನಿಂದ 680 ಫ್ರೀವೇ ಟ್ರಾಫಿಕ್ಕಲ್ಲಿ ನೀವೊಂದ್ಸಲ ಬನ್ನಿ ಅತ್ತೆ" ಅಂದ ಗಿರೀಶ. "ಶಿಸ್ತು ಎಲ್ಲಿ ನಿಂತಿರತ್ತೆ ಅಂತ ಗೊತ್ತಾಗತ್ತೆ."

ಎರಡು ವರ್ಷ ನಾನು ಅಳೆದದ್ದು ಹುಡುಗಿಯರನ್ನಲ್ಲ, ಫ್ರೀವೇಯನ್ನು.

ಬಲಗಡೆ ತುದಿಯಲ್ಲಿ, ಗೆರೆಯಿಂದ ಬಹಳ ಮೇಲೆ ಒಂದು ಒಂಟಿ ಚುಕ್ಕಿ. ಯಾರದು? ನಿಧಿಯದು. ಯಾರೋ ಇಂಡಿಯಾಕ್ಕೆ ಹೋದಾಗ ಬದಲಿಗೆ ಇಳಿಸಿದ ನಾಲ್ಕೇ ಮ್ಯಾಚು. ನಾಲ್ಕರಲ್ಲೂ ಅವಳನ್ನು ಬೇಗ ಮುಟ್ಟಲು ಯಾರಿಗೂ ಆಗಿಲ್ಲ. ಬರೆದ ಕೈ ನನ್ನದೇ.

"ನಾಲ್ಕೇ ಮ್ಯಾಚು ಅಜ್ಜಿ, ಗ್ಯಾರಂಟಿ ಏನೂ ಇಲ್ಲ" ಅಂದಳು ಸುಮೇಧಾ, ನ್ಯಾಯವಾಗಿ.

ಗೆರೆಯ ಕೆಳಗೆ ಇನ್ನೊಂದು ಚುಕ್ಕಿ. ನಾನು ಕೇಳುವ ಮೊದಲೇ ಅವಳೇ ಬೆರಳಿಟ್ಟಳು. "ಇದು ನಾನು."

ಪ್ರತಿದಿನ ಏಳು ಐವತ್ತಕ್ಕೆ ಹಾಜರಾಗುವ ನನ್ನ ಮೊಮ್ಮಗಳು. (ನನ್ನ ಕಾರಿನಲ್ಲೇ ಬರುತ್ತಾಳೆ. ತಡವಾಗುವುದು ಹೇಗೆ?) ಆ ಚುಕ್ಕಿಯನ್ನು ಅಳಿಸಿದ್ದರೆ ನನಗೆ ಗೊತ್ತಾಗುತ್ತಿತ್ತೇ? ಪುಟವನ್ನೇ ತೋರಿಸದಿದ್ದರೆ?

"ನಿನ್ನ ಜಾಗಾ ಹೋಗತದ, ಗೊತ್ತದ ಇಲ್ಲೋ?" ಅಂದೆ.

"ಗೊತ್ತು. ನಂಗೂ ಆಡ್ಬೇಕು, ಅಜ್ಜಿ. ಬಟ್ ಶಿ ಈಸ್ ಬೆಟರ್." ಲ್ಯಾಪ್‌ಟಾಪು ಮುಚ್ಚಲಿಲ್ಲ.

ಫುಟ್‌ಬಾಲಿನ ಬೆರಗು ಅಲ್ಲಿಗೆ ಸಣ್ಣದಾಯಿತು.

ನಾಲ್ಕೂ ಐವತ್ತಕ್ಕೆ ಪಟ್ಟಿ ಕಳಿಸಿದೆ. ಒಂಬತ್ತು, ನಿಧಿ. ಹನ್ನೆರಡು, ಸುಮೇಧಾ. ಐದು ಗಂಟೆಗೆ ನಿಧಿಗೆ ನಾನೇ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಕೂಗು: "ಟೀಚರ್, ನಾನು ಆರಕ್ಕೇ ಎದ್ದು ಹೊರಡ್ತೀನಿ!"

"ಬ್ಯಾಡ. ಮಂಗಳವಾರದ ಅಭ್ಯಾಸ ನಿಮ್ಮೂರಾಗ, ಸಂಜಿ ಐದೂವರೆಗೆ."

ಆ ದಿನದ ಕೊನೆಯ ಕೆಲಸ: ಹಾಜರಿ ಪುಸ್ತಕವನ್ನು ಸುಮೇಧಾಳ ಕೈಗೆ ಕೊಟ್ಟೆ. ಅವಳು ಮಂಗಳವಾರದ ಪುಟದ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದು, ಎದುರಿಗೆ ನಿಮಿಷದ ಜಾಗ ಖಾಲಿ ಬಿಟ್ಟಿದ್ದಾಳೆ.

ಆಫೀಸು ಬಿಡುವ ಹೊತ್ತಿನ 680ರಲ್ಲಿ ಶಿಸ್ತಿನ ಈ ಟೀಚರ್ ಎಷ್ಟು ಗಂಟೆಗೆ ತಲುಪುತ್ತಾಳೆ ಅಂತೀರಿ?