ರಾಡೊಯ್ ಕಡೆದ ನಾಲ್ಕು ಕಿಲೋ

ಸೀಸ ಒಂದು ಚಿಟಿಕೆ ಹೆಚ್ಚಾಯಿತೇ? ಕಳೆದ ವಾರ ಎಸೆತದ ಗುಂಡಿನ ಬಿರಡೆ ಬಿಚ್ಚಿ ತುಂಬುವಾಗ ಕೈ ಒಂದು ಕ್ಷಣ ತಡೆದಿತ್ತು. ಹೆಚ್ಚಾಗಿದ್ದರೆ ಇಂದಿನ ಪಂದ್ಯದಲ್ಲಿ ನೆವ್ಯಾನಾ ಇಲ್ಲದ ಭಾರ ಎಸೆಯಬೇಕು. ಕಡಿಮೆಯಾಗಿದ್ದರೆ ತೂಕದ ಮೇಜಿನವರು ಗುಂಡನ್ನು ಪಕ್ಕಕ್ಕಿಡುತ್ತಾರೆ. ಆಗ ಅವಳು ತನ್ನೂರಿನಲ್ಲೇ, ತನ್ನವರ ಎದುರೇ, ಯಾರದೋ ಗುಂಡು ಹಿಡಿದು ವೃತ್ತದೊಳಗೆ ಇಳಿಯಬೇಕಾಗುತ್ತದೆ.

ರಾಡೊಯ್ ಮಿಂಚೆವ್ ಗಾಜಿನ ಹಲಗೆಯ ಮೇಲೆ ಗುಂಡನ್ನು ಮತ್ತೊಮ್ಮೆ ಉರುಳಿಸುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡ್ಯಾನ್ಯೂಬ್ ನದಿಯ ಕಡೆಯಿಂದ ಬಂದ ಮಂಜು ರೂಸೆ ಊರಿನ ಕ್ರೀಡಾಂಗಣವನ್ನು ತುಂಬಿ, ಸಾಮಾನು ಕೋಣೆಯ ಕಿಟಕಿಗೂ ಅಂಟಿಕೊಂಡಿದೆ. ಗುಂಡು ನಿಧಾನವಾಗಿ ಹೊರಳಿ ನಿಲ್ಲುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿಟ್ಟ ಚುಕ್ಕೆ ಈ ಸಲ ಎಡಕ್ಕಿದೆ. ಹಿಂದಿನ ಸಲ ಮೇಲಿತ್ತು, ಅದಕ್ಕೂ ಹಿಂದೆ ಅಡಿಯಲ್ಲಿತ್ತು. ಪ್ರತಿ ಸಲವೂ ಬೇರೆ ಕಡೆ ನಿಂತರೆ ತೂಕ ನಟ್ಟನಡುವೆ ಇದೆ ಎಂದರ್ಥ. ಅವರು ಉಸಿರು ಬಿಡುತ್ತಾರೆ, ಆದರೂ ನಂಬಿಕೆ ಬರುವುದಿಲ್ಲ, ಮತ್ತೆ ಉರುಳಿಸುತ್ತಾರೆ.

ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತವರು ಇವರು. ಕೆಲಸ ಕಡಿಮೆಯಾಗಿ ಅರ್ಧ ಕಟ್ಟೆ ಮುಚ್ಚಿದಾಗ ಕ್ರೀಡಾಂಗಣದ ಸಾಮಾನು ಕೋಣೆಗೆ ಬಂದರು. ಗುಂಡು ಒರೆಸುವುದು, ಜೋಡಿಸುವುದು, ಎಸೆಯುವವರಿಗೆ ಮುಂದಿನದನ್ನು ಕೊಡುವುದು ಇವರ ಕೆಲಸ. ಪಂದ್ಯದ ದಿನ ನೂರಕ್ಕೂ ಹೆಚ್ಚು ಸಲ ಬಗ್ಗಿ ಏಳಬೇಕು. ಟೀವಿಯಲ್ಲಿ ಕಾಣುವುದು ಎರಡು ಕೈ ಮತ್ತು ಒಂದು ಬಟ್ಟೆ ಮಾತ್ರ.

"ಮುಖ ಬಂದ್ರೆ ಸ್ತಾಂಕಾ ಬೈತಾಳೆ, ಗಡ್ಡ ತೆಗ್ದಿಲ್ಲ ಅಂತ," ಎನ್ನುತ್ತಾರೆ. ಹೆಂಡತಿ ಸ್ತಾಂಕಾ ಬೆಳಿಗ್ಗೆ ಚೀಸ್ ತುಂಬಿ ಬೇಯಿಸಿದ ಬಿಸಿ ಬನಿತ್ಸಾವನ್ನು ಕಾಗದದಲ್ಲಿ ಸುತ್ತಿಕೊಡುತ್ತಾ ಬೈದೇ ಕಳಿಸಿದ್ದಾರೆ. ಈ ಮನುಷ್ಯನ ಜತೆ ಸಂಸಾರ ಮಾಡಬೇಕಿದ್ದರೆ ನಾನೂ ದುಂಡಗೆ, ಕಬ್ಬಿಣದಲ್ಲಿ ಹುಟ್ಟಬೇಕಿತ್ತು ಎನ್ನುವುದು ಆಕೆಯ ಹಳೆಯ ದೂರು.

ನೆವ್ಯಾನಾ ಹಡಗುಕಟ್ಟೆಯ ಕ್ರೇನ್ ಓಡಿಸುತ್ತಿದ್ದವರ ಮಗಳು. ಹುಡುಗಿಯಾಗಿದ್ದಾಗ ಅಪ್ಪನಿಗೆ ಊಟ ತರುತ್ತಿದ್ದಳು, ಕೈಗಳನ್ನು ಮಾತ್ರ ಕೋಟಿನ ಜೇಬಿನಿಂದ ತೆಗೆಯುತ್ತಿರಲಿಲ್ಲ. "ಅಂಗೈ ಅಗಲ ಅಂತ ನಾಚಿಕೆ. ಕಿಟಕಿ ಗಾಜಿಗೆ ಮೆತ್ತೋ ಲಪ್ಪದ ಮುದ್ದೆ ಕೊಟ್ಟು, ಹಿಡಿ ನೋಡೋಣ ಅಂದೆ. ಹಿಡಿದ್ಲು. ಬೆರಳ ಬುಡದ ಕುಳಿಯ ಅಚ್ಚು ಅದ್ರಲ್ಲಿ ಮೂಡ್ತು. ಆ ಕುಳಿಗೆ ಸರಿಯಾಗಿ ಗುಂಡು ಕಡೆದೆ." ಅವಳು ಇಂದಿಗೂ ಎಸೆಯುವುದು ಅದೇ ಗುಂಡನ್ನು. ಈಗ ಅವಳಿಗೆ ಮೂವತ್ತನಾಲ್ಕು. ದೊಡ್ಡ ಕೂಟಗಳಲ್ಲಿ ಮೂರು ಸಲ ನಾಲ್ಕನೆಯವಳಾಗಿದ್ದಾಳೆ, ಪದಕ ಒಂದೂ ಇಲ್ಲ. ಈ ಕೂಟ ಮುಗಿದರೆ ಎಸೆತ ಬಿಡುವುದಾಗಿ ಹೇಳಿದ್ದಾಳೆ.

ತೂಕದ ಮೇಜಿನವರು ಗುಂಡನ್ನು ಒಪ್ಪುತ್ತಾರೆ. ಒಪ್ಪಿದ ಮೇಲೆ ಅದು ಎಲ್ಲರ ಗುಂಡುಗಳ ಜೊತೆ ಸ್ಟ್ಯಾಂಡಿಗೆ ಹೋಗಬೇಕು. ಕಣದಲ್ಲಿರುವ ಯಾರು ಬೇಕಾದರೂ ಅದನ್ನು ಎತ್ತಿಕೊಳ್ಳಬಹುದು. ನಿಯಮ ಹಾಗಿದೆ. ಕಣದ ನೆಲ ಮಟ್ಟ ಮಾಡುವ ಕುಂಚೊ ಕುಂಟೆ ಊರಿಕೊಂಡು ನಗುತ್ತಾನೆ: "ಅಣ್ಣಾ, ಇನ್ಮೇಲೆ ಅದು ಊರ ಬಾವಿ. ನೀನು ತೋಡಿದೆ, ಸೇದೋರು ಯಾರೋ."

ಸಂಜೆಯ ಬಿಸಿಲಲ್ಲಿ ಮಹಿಳೆಯರ ಗುಂಡು ಎಸೆತ ನಡೆಯುತ್ತದೆ. ಒಬ್ಬೊಬ್ಬರೇ ಬಂದು, ಗುಂಡನ್ನು ಕುತ್ತಿಗೆಗೆ ಒತ್ತಿ, ತಮಗೆ ಮಾತ್ರ ಕೇಳುವ ಏನನ್ನೋ ಕೇಳಿಸಿಕೊಂಡವರಂತೆ ನಿಂತು, ತಿರುಗುತ್ತಾರೆ. ಗುಂಡು ಕೈಬಿಟ್ಟು ನೆಲ ಮುಟ್ಟುವ ನಡುವಿನ ಹೊತ್ತಿನಲ್ಲಿ ಸದ್ದೇ ಇರುವುದಿಲ್ಲ. ರಾಡೊಯ್‌ಗೆ ಆ ಹೊತ್ತು ಇಷ್ಟ. ಲೇತ್ ನಿಲ್ಲಿಸಿದ ಕೂಡಲೇ ಅಂಥದೇ ಒಂದು ನಿಶ್ಶಬ್ದ ಬರುತ್ತಿತ್ತಂತೆ.

ಕೊನೆಯ ಸುತ್ತಿಗೆ ಬರುವಾಗ ನೆವ್ಯಾನಾ ಮೂರನೆಯವಳು. ಬೆಂಚಿನ ಮೇಲೆ ಟವೆಲ್ಲು ತಲೆಗೆ ಹೊದ್ದು, ಕಣ್ಣು ಮುಚ್ಚಿ ಕುಳಿತಿದ್ದಾಳೆ. ಅವಳಿಗಿಂತ ಮೊದಲು ಎಸೆಯಬೇಕಾದವಳು ಐದನೆಯವಳಾದ ಪೋರ್ಚುಗಲ್‌ನ ಇಲ್ಡಾ. ಬೆಳಿಗ್ಗೆ ಅವಳ ಸ್ವಂತ ಗುಂಡು ಸವೆದು ಹಗುರವಾಗಿದೆಯೆಂದು ತೂಕದ ಮೇಜಿನವರು ಅದನ್ನು ಪಕ್ಕಕ್ಕಿಟ್ಟಿದ್ದರು. ಆಗಿನಿಂದ ಸುತ್ತಿಗೊಂದು ಗುಂಡು ಬದಲಾಯಿಸುತ್ತಿದ್ದಾಳೆ, ಒಂದೂ ಕೈಗೆ ಕೂರುತ್ತಿಲ್ಲ. ಸ್ಟ್ಯಾಂಡಿನ ಮುಂದೆ ನಿಂತು ಅತ್ತಿತ್ತ ನೋಡಿ, ಭಾಷೆ ಬಾರದೆ, ರಾಡೊಯ್ ಎದುರು ಅಂಗೈ ಬಿಚ್ಚುತ್ತಾಳೆ.

ಅಗಲವಾದ ಕೈ. ಬೆರಳ ಬುಡದಲ್ಲಿ ಆಳವಾದ ಕುಳಿ.

"ಆ ಕುಳಿ ನೋಡ್ದೆ," ಎನ್ನುತ್ತಾರೆ ರಾಡೊಯ್. ಒರೆಸುವ ಬಟ್ಟೆ ಮಡಿಸುತ್ತಾ ಸೇರಿಸುತ್ತಾರೆ: "ಆಮೇಲೆ ಕೈ ನನ್ನ ಮಾತು ಕೇಳ್ಲಿಲ್ಲ."

ಅವರು ನೆವ್ಯಾನಾಳ ಗುಂಡನ್ನು ಒರೆಸಿ ಇಲ್ಡಾಳ ಅಂಗೈಯಲ್ಲಿಡುತ್ತಾರೆ. ಅವಳು ಬೆರಳು ಮಡಿಸುತ್ತಾಳೆ, ಒಮ್ಮೆ ಅವರ ಮುಖ ನೋಡುತ್ತಾಳೆ, ವೃತ್ತಕ್ಕೆ ಹೋಗುತ್ತಾಳೆ. ಗುಂಡು ಏಳುತ್ತದೆ. ಬಿಸಿಲು ಅದಕ್ಕೆ ತಾಗಿ ಜಾರುತ್ತದೆ; ಬೀಳುವ ಮನಸ್ಸಿಲ್ಲದಂತೆ ಸಾಗುತ್ತದೆ. ಬಿದ್ದಾಗ ಅದು ನೆವ್ಯಾನಾಳ ಗುರುತಿಗಿಂತ ಎರಡು ಬೆರಳು ಆಚೆಗಿದೆ.

ನೆವ್ಯಾನಾ ಎದ್ದು ಬರುತ್ತಾಳೆ. ರಾಡೊಯ್ ಅದೇ ಗುಂಡಿನ ಮಣ್ಣು ತೆಗೆದು, ಒಣಬಟ್ಟೆಯಲ್ಲಿ ಎರಡು ಸಲ ಒರೆಸಿ ಕೊಡುತ್ತಾರೆ. ಅವಳ ಎಸೆತ ಹಳೆಯ ಗುರುತನ್ನೂ ಮುಟ್ಟುವುದಿಲ್ಲ. ಮತ್ತೆ ನಾಲ್ಕನೆಯವಳು.

ಮುಗಿದ ಮೇಲೆ ಅವಳು ಸಾಮಾನು ಕೋಣೆಗೆ ಬಂದು, ಶೂ ಬಿಚ್ಚಿ, ಖಾಲಿ ಪೆಟ್ಟಿಗೆಯ ಮೇಲೆ ಕೂರುತ್ತಾಳೆ. ಅತ್ತು ಮುಗಿಸಿದ ಕಣ್ಣು. ರಾಡೊಯ್ ಬಾಟಲಿಯಲ್ಲಿದ್ದ, ಧಾನ್ಯ ಹುದುಗಿಸಿ ಮಾಡಿದ ಸಿಹಿ ಬೋಜಾವನ್ನು ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ. ಅವಳು ಒಂದು ಗುಟುಕು ಕುಡಿದು ಕೇಳುತ್ತಾಳೆ:

"ಅಷ್ಟೊಂದು ಗುಂಡಲ್ಲಿ ಅದನ್ನೇ ಇಲ್ಡಾ ಹೇಗೆ ಹುಡುಕಿದ್ಲು ಮಾವಾ?"

"ಕೈಗೆ ಗೊತ್ತಾಗುತ್ತೆ ಮಗಾ."

"ಹೋಗ್ಲಿ ಬಿಡಿ. ಪದಕ ನಿಮ್ಮ ಗುಂಡಿಗೇ ಬಂತಲ್ಲ," ಎಂದು ಅವಳು ಲೋಟ ಕೆಳಗಿಟ್ಟು, ಅವರ ಭುಜವನ್ನು ತನ್ನ ಅಗಲ ಕೈಯಿಂದ ಒಮ್ಮೆ ಅಮುಕಿ ಏಳುತ್ತಾಳೆ. ಬಾಗಿಲಲ್ಲಿ ನಿಂತು, ಮುಂದಿನ ವಾರ ಮನೆಗೆ ಬರುತ್ತೇನೆ, ಸ್ತಾಂಕಾ ಅತ್ತೆಗೆ ಚಳಿಗಾಲಕ್ಕೆಂದು ದಪ್ಪ ಮೆಣಸಿನಕಾಯಿ ಸುಡುವುದಕ್ಕೆ ಒಂದು ಕೈ ಕೊಡುತ್ತೇನೆ ಎನ್ನುತ್ತಾಳೆ.

ಬಂದಳು ಕೂಡ. ಮೂವರೂ ಅಂಗಳದಲ್ಲಿ ಕುಳಿತು ಸಂಜೆಯವರೆಗೆ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿದರು. ಗುಂಡನ್ನು ಇಲ್ಡಾ ಹುಡುಕಿದ್ದಲ್ಲ, ತಾನೇ ಆರಿಸಿ ಕೊಟ್ಟದ್ದು ಎಂದು ರಾಡೊಯ್ ಅವಳಿಗೆ ಹೇಳಲಿಲ್ಲ. ಅದು ಗಾಳಿಯಲ್ಲಿದ್ದಷ್ಟು ಹೊತ್ತೂ ತನಗೆ ಸಂತೋಷವಾಗಿತ್ತೆಂದೂ ಹೇಳಲಿಲ್ಲ.